ಮಣ್ಣಿಗೆ ಹೋದ ಹನ್ನೊಂದನೆಯ ಅಧ್ಯಾಯ

ಶ್ರಾವಣಿ, ಓಂಕಾರ,

ಕಳೆದ ದೀಪಾವಳಿಗೆ ಬಂದಾಗ ನೀವಿಬ್ಬರೂ ನಿಮ್ಮ ಅಜ್ಜನ ಕೊನೆಯ ಪುಸ್ತಕವನ್ನು ತೆಗೆದು ನೋಡಿದಿರಿ. ಮುನ್ನುಡಿಯಲ್ಲಿ ಅವರು ‘ನನಗೆ ಮಾತು ಕಲಿಸಿದ ಹನ್ನೊಂದು ಮಂದಿ’ ಎಂದು ಬರೆದಿದ್ದಾರೆ, ಒಳಗೆ ನೋಡಿದರೆ ಹತ್ತೇ ಅಧ್ಯಾಯ, ಅಜ್ಜನಿಗೆ ಎಣಿಸಲು ಬರುತ್ತಿರಲಿಲ್ಲವೇ ಎಂದು ಓಂಕಾರ ನಕ್ಕ. ನಾನು ಚಹಾ ತರುವ ನೆಪ ಮಾಡಿ ಒಳಗೆ ಹೋದೆ. ನನಗೆ ನಾಲ್ಕು ಜನರೆದುರು ಬಾಯಿ ಬಿಡಲು ಬರುವುದಿಲ್ಲ. ನೀವು ನನ್ನ ಮೊಮ್ಮಕ್ಕಳೇ ಆದರೂ ಆ ಮಾತು ಬಾಯಿಂದ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನೀವು ಮರಾಠಿ ಶಾಲೆಯಲ್ಲಿ ಕಲಿತವರು. ನಿಮ್ಮ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಧಾನವಾಗಿ ಓದಿರಿ.

ನಾನು ಸನಮಡಿಯ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು. ನಿಮ್ಮ ಅಜ್ಜ ಜತ್ತದ ಕಾಲೇಜಿನಲ್ಲಿ ಕನ್ನಡ ಸಾಹಿತ್ಯ ಕಲಿಸುತ್ತಿದ್ದರು. ಅವರು ಬರೆದ ಕಥೆಗಳೆಲ್ಲ ಈ ತಾಲೂಕಿನವೇ. ಸುತ್ತಲೂ ಮರಾಠಿ ಇದ್ದರೂ ಮನೆಯೊಳಗೆ ನಾವು ಆಡುವ ಕನ್ನಡ ಎಲ್ಲಿಯೂ ಬರೆದಿಟ್ಟಿಲ್ಲ, ನಮ್ಮ ಕಾಲಕ್ಕೆ ಇದು ಮುಗಿದುಹೋದೀತು ಎಂಬ ಚಿಂತೆ ಅವರಿಗಿತ್ತು. ಸಕ್ಕರೆ ರೋಗದಿಂದ ಕಣ್ಣು ಮಂಜಾದ ಮೇಲೆ ಅವರ ಅಕ್ಷರ ದೊಡ್ಡದಾಗುತ್ತ ಹೋಯಿತು, ಸಾಲು ಸಾಲಿನ ಮೇಲೆ ಹತ್ತತೊಡಗಿತು. ಅವರನ್ನು ಬಿಟ್ಟರೆ ಅದನ್ನು ಓದಲು ಬರುತ್ತಿದ್ದದ್ದು ನನಗೊಬ್ಬಳಿಗೇ. ಹೀಗಾಗಿ ಅವರ ಕೊನೆಯ ಪುಸ್ತಕದ ಶುದ್ಧಪ್ರತಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಕೆಲಸ ಹೀಗೆ ನಡೆಯುತ್ತಿತ್ತು. ಅವರು ಇನ್ನೂರು ಪುಟದ ವಹಿಯಲ್ಲಿ ಬಲಗಡೆಯ ಪುಟದಲ್ಲಿ ಮಾತ್ರ ಬರೆಯುತ್ತಿದ್ದರು. ಎಡಗಡೆಯದು ತಿದ್ದುಪಡಿಗೆ. ಪ್ರತಿ ವಹಿಗೂ ನಾನು ಖಾಕಿ ಹಾಳೆಯ ಹೊದಿಕೆ ಹಾಕುತ್ತಿದ್ದೆ. ಮಧ್ಯಾಹ್ನದ ಊಟವಾದ ಮೇಲೆ ಗೆರೆ ಹಾಳೆಯ ಮೇಲೆ, ಎಡಕ್ಕೆ ಎರಡು ಬೆರಳು ಜಾಗ ಬಿಟ್ಟು, ಒಂದೇ ಮಗ್ಗುಲಿಗೆ ಬರೆಯುತ್ತಿದ್ದೆ. ಬರೆದದ್ದನ್ನು ಸಂಜೆ ಓದಿ ಹೇಳುತ್ತಿದ್ದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಪ್ರತಿ ಮುಗಿದ ಪುಟಕ್ಕೆ ಒಂದು ಗುರುತು. ಪೂರಾ ಮುಗಿದ ವಹಿ ಮೇಜಿನ ಎಡಕ್ಕೆ, ಇನ್ನೂ ಬರೆಯಬೇಕಾದ್ದು ಬಲಕ್ಕೆ.

ಅವರು ನನಗೆ ಎರಡು ನಿಯಮ ಹೇಳಿದ್ದರು. ಮೊದಲನೆಯದು, “ಶಬ್ದ ತಿಳೀಲಿಲ್ಲಂದ್ರ ಪೆನ್ಸಿಲಿಲೆ ಚುಕ್ಕಿ ಇಡು. ನೀ ಶಾಣ್ಯಾಕಿ ಅಂತ ಊಹಿಸಿ ತುಂಬಬ್ಯಾಡ.” ಎರಡನೆಯದು ಅವರದೇ ನಿಯಮ. ಪ್ರತಿ ಅಧ್ಯಾಯದ ಕೊನೆಗೆ ‘ಹೇಳಿದವರು’ ಎಂದು ಬರೆದು, ಯಾರು ಯಾವ ಸಂಗತಿ ಹೇಳಿದರು, ಯಾವ ಊರವರು ಎಂದು ನಮೂದಿಸುತ್ತಿದ್ದರು. ಒಂದೇ ಒಂದು ಶಬ್ದ ಕೊಟ್ಟವರಿಗೂ ಅಲ್ಲಿ ಜಾಗವಿತ್ತು. ಬಡಿಗನ ಮೇಲಿನ ಆರನೆಯ ಅಧ್ಯಾಯದ ಕೆಳಗೆ ‘ಒಂದು ಶಬ್ದ ಹೇಳಿದವರು: ನನ್ನ ಮನೆಯಾಕೆ, ಸನಮಡಿ’ ಎಂದಿದೆ, ನೋಡಿರಿ. ಅದನ್ನು ಶುದ್ಧಪ್ರತಿ ಮಾಡುವಾಗ ನಾಚಿಕೆಯಿಂದ ನನ್ನ ಕೈ ಓಡಲಿಲ್ಲ.

ಹನ್ನೊಂದನೆಯ ಅಧ್ಯಾಯ ಒಬ್ಬ ಕುರುಬರ ಅಜ್ಜಿಯದು. ಮುಚ್ಚಂಡಿಯಲ್ಲಿ ನಿಮ್ಮ ಅಜ್ಜ ಸಣ್ಣವರಿದ್ದಾಗ ಆಕೆ ಅವರ ಹೊಲದ ಅಂಚಿನಲ್ಲಿ ಕುರಿ ನಿಲ್ಲಿಸುತ್ತಿದ್ದಳು. ಶಾಲೆ ಬಿಟ್ಟೊಡನೆ ಇವರು ಅವಳ ಬಳಿಗೆ ಓಡುತ್ತಿದ್ದರು. ಬರೆದು ಮುಗಿದ ದಿನ ಅವರೇ ನನಗೆ ಓದಿ ತೋರಿಸಿದರು. ಆಕೆ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಡುತ್ತಿದ್ದಳು ಎಂಬಲ್ಲಿ ನಾನು ತಡೆದೆ.

“ದಿನಾ ಬೆಣ್ಣಿ ಹಚ್ಚತಿದ್ಲೇನ್ರಿ ಆಕಿ?”

“ಹಚ್ಚತಿದ್ಲು. ನಿನ್ನಂಗ ಕೈ ಬಿಗಿ ಇರಲಿಲ್ಲ ಆಕೀದು.”

“ಡಾಕ್ಟರು ಬ್ಯಾಡ ಅಂದಾರಂತ ನಾ ಹಚ್ಚಂಗಿಲ್ಲ. ಇಲ್ಲಂದ್ರ ನನಗೇನು ಕೈ ಇಲ್ಲೇನು?”

“ಹೌದ ಬಿಡು, ಡಾಕ್ಟರು ನಿನ್ನ ಕಡೆ, ಕುರುಬರ ಅಜ್ಜಿ ನನ್ನ ಕಡೆ. ಬರಕೋ ಸುಮ್ನ.”

ಮರುದಿನ ಅದನ್ನು ಇನ್ನೊಂದು ಸಲ ಓದಿದರು. ಹದಿನಾಲ್ಕು ಪುಟ. ನಾನು ಅಂದೇ ಬರೆದುಕೊಳ್ಳಲು ಕೂಡಬೇಕಿತ್ತು. ಅಟ್ಟದ ತೊಗರಿಯನ್ನು ಬಿಸಿಲಿಗೆ ಹಾಕಿದ್ದೆ. “ನಾಕು ದಿನ ತಡೀರಿ, ತೊಗರಿ ಮುಗಿಸಿ ಕುಂದ್ರತೀನಿ” ಎಂದೆ. ಐದನೆಯ ದಿನ ಬೆಳಿಗ್ಗೆ ಅವರು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಕುರ್ಚಿಯ ಮೇಲೆ ಕೂತರು. ನಾನು ಚಹಾ ತಂದಾಗ ಅವರ ಉಸಿರಿರಲಿಲ್ಲ.

ನಮ್ಮಲ್ಲಿ ಹೋದವರನ್ನು ಕೂರಿಸಿ ಇಡುತ್ತಾರೆ, ಕೂತ ಭಂಗಿಯಲ್ಲೇ ಮಣ್ಣು ಕೊಡುತ್ತಾರೆ. ಪಡಸಾಲೆಯಲ್ಲಿ ಜಾಗ ಮಾಡಲು ಬಂದವರು ಅವರ ಮೇಜನ್ನು ವಹಿಗಳ ಸಮೇತ ಎತ್ತಿ ಒಳಕೋಣೆಯ ಗೋಡೆಗೆ ಇಟ್ಟಿದ್ದರು. ಹೊರಡುವ ಹೊತ್ತಿಗೆ ನಮ್ಮ ಭಾವನವರು, ಅಂದರೆ ನಿಮ್ಮ ಅಜ್ಜನ ಅಣ್ಣ, ಪಡಸಾಲೆಯಿಂದಲೇ ದೊಡ್ಡ ದನಿಯಲ್ಲಿ ಹೇಳಿದರು: “ಅವನ ವಹಿ ಒಂದು, ಪೆನ್ನು ಒಂದು ತಗೊಂಡು ಬರ್ರಿ. ಜನ್ಮ ಪೂರಾ ಬರದಾನ ನನ್ನ ತಮ್ಮ. ತೊಡಿ ಮ್ಯಾಲ ಇಡೂಣು. ಅಲ್ಲಿಯೂ ಬರಕೋತ ಕುಂದ್ರಲಿ.”

ಆ ಮಾತಿಗೆ ಅಲ್ಲಿದ್ದ ಗಂಡಸರೂ ಅತ್ತರು. ಎಲ್ಲರೂ ನನ್ನ ಕಡೆ ನೋಡಿದರು. ಶುದ್ಧಪ್ರತಿ ಮುಗಿದ ಹಳೆಯ ವಹಿಯನ್ನೇ ಕೊಡಬೇಕು ಎಂಬ ಎಚ್ಚರ ಆ ಹೊತ್ತಿನಲ್ಲೂ ನನಗಿತ್ತು. ತಲೆಯ ಮೇಲೆ ಸೆರಗೆಳೆದುಕೊಂಡು ಒಳಗೆ ಹೋದೆ. ಎಂದಿನಂತೆ ಎಡಗೈ ಕಡೆಯ ಗುಂಪಿನಿಂದ ಮೇಲಿನದನ್ನು ತೆಗೆದೆ. ತೆರೆದು ನೋಡಲಿಲ್ಲ. ಅಷ್ಟು ಜನ ಕಾಯುತ್ತಿರುವಾಗ ಗಂಡನ ವಹಿ ಬಿಚ್ಚಿ ಓದುತ್ತ ನಿಲ್ಲಲು ಸಂಕೋಚವಾಯಿತು. ನಿಮ್ಮ ತಾಯಿಯ ಕೈಗೆ ಕೊಟ್ಟೆ, ಅವಳು ಒಯ್ದು ದೊಡ್ಡಪ್ಪನಿಗೆ ಕೊಟ್ಟಳು.

ಮುಚ್ಚಂಡಿಯ ಹೊಲದಲ್ಲಿ ಅವರ ತಂದೆತಾಯಿಯ ಪಕ್ಕದಲ್ಲಿ ಕುಣಿ ತೆಗೆದಿದ್ದರು. ವಿಭೂತಿ, ಉಪ್ಪು, ಬಿಲ್ವಪತ್ರಿ ಸುರಿಯುವಾಗ ಅವರ ತೊಡೆಯ ಮೇಲೆ ಖಾಕಿ ಹೊದಿಕೆ ಸ್ವಲ್ಪ ಹೊತ್ತು ಕಾಣುತ್ತಿತ್ತು. ನಾನೇ ಹಾಕಿದ ಹೊದಿಕೆ. ನಿಜ ಹೇಳುತ್ತೇನೆ, ಆ ದಿನ ನನಗೆ ಸಮಾಧಾನ ಕೊಟ್ಟದ್ದು ಅದೊಂದೇ.

ಒಂದೂವರೆ ತಿಂಗಳ ಮೇಲೆ ಅವರ ಹಳೆಯ ವಿದ್ಯಾರ್ಥಿಯೊಬ್ಬರು ಬಂದರು. ಅವರೂ ಈಗ ವಿಜಯಪುರದಲ್ಲಿ ಕಾಲೇಜು ಮಾಸ್ತರರು. ಪುಸ್ತಕ ಹೊರತರುವ ಹೊಣೆ ಹೊತ್ತವರು ಅವರೇ.

“ಹತ್ತು ಅಧ್ಯಾಯ ಟೈಪಿಗೆ ಕೊಟ್ಟೀನ್ರಿ ಅಮ್ಮಾರ. ಹನ್ನೊಂದನೇದು ಸರ್ ಬರದ ಮುಗಿಸೇನಿ ಅಂತ ಫೋನಿನ್ಯಾಗ ಹೇಳಿದ್ರು. ನೀವು ಶುದ್ಧ ಮಾಡೀರೇನ್ರಿ?”

ತರುತ್ತೇನೆ ಎಂದು ಒಳಗೆ ಹೋದೆ. ಮೇಜಿನ ಬಲಗಡೆ ಒಂದೇ ವಹಿ ಇರಬೇಕಿತ್ತು. ಅಲ್ಲಿ ಮುಗಿದ ವಹಿಗಳ ಗುಂಪು ಇತ್ತು. ಎಡಗಡೆ ಖಾಲಿ. ಅಂದು ಮೇಜು ಎತ್ತಿದವರು ಅದನ್ನು ತಿರುಗಿಸಿ ಇಟ್ಟಿದ್ದರು. ಎಡಗಡೆಯದು ಬಲಕ್ಕಾಗಿತ್ತು, ಬಲದ್ದು ಎಡಕ್ಕೆ. ಅಂದು ನಾನು ಗುಂಪಿನಿಂದ ತೆಗೆದೆ ಎಂದುಕೊಂಡಿದ್ದೆ. ತೆಗೆದದ್ದು ಅಲ್ಲಿದ್ದ ಒಂದೇ ವಹಿಯನ್ನು, ಹನ್ನೊಂದನೆಯ ಅಧ್ಯಾಯದ್ದನ್ನು. ಆದರೂ ಒಂದೊಂದಾಗಿ ಎಲ್ಲವನ್ನೂ ಬಿಚ್ಚಿದೆ. ಎಲ್ಲ ಪುಟಕ್ಕೂ ನನ್ನ ಗುರುತಿತ್ತು. ಗುರುತಿಲ್ಲದ ಪುಟ ಒಂದೂ ಸಿಗಲಿಲ್ಲ.

ಹೊರಗೆ ಅವರು ಕಾಯುತ್ತಿದ್ದರು. “ಇನ್ನಾ ಸ್ವಲ್ಪ ಶುದ್ಧ ಮಾಡೂದು ಅದರಿ. ತಿಂಗಳ ಬಿಟ್ಟು ಬರ್ರಿ” ಎಂದೆ. ಸುಳ್ಳು ಅಷ್ಟು ಸಲೀಸಾಗಿ ಬಂದದ್ದು ನನಗೇ ಆಶ್ಚರ್ಯ. ಯಾರಿಗೆ ಏನೆಂದು ಹೇಳಲಿ? ನಿಮ್ಮ ತಾಯಿಗೆ ಹೇಳಿದರೆ ತಾನೇ ಒಯ್ದು ಕೊಟ್ಟೆ ಎಂದು ಕೊರಗುತ್ತಾಳೆ. ಭಾವನವರಿಗೆ ಹೇಳಿದರೆ ತಾನೇ ಕೇಳಿದೆ ಎಂದು ಎದೆ ಒಡೆದುಕೊಳ್ಳುತ್ತಾರೆ.

ಮರುದಿನದಿಂದ ನೆನಪಿನಿಂದ ಬರೆಯಲು ಕುಳಿತೆ. ನಾಲ್ಕು ದಿನ ಮೊದಲ ಸಾಲನ್ನು ಬಿಟ್ಟು ಏನೂ ಬರಲಿಲ್ಲ. ಆಮೇಲೆ ಒಂದು ದಾರಿ ಸಿಕ್ಕಿತು. ಮೊದಲ ಸಾಲನ್ನು ಅವರು ಓದಿದ ಹಾಗೆಯೇ ಗಟ್ಟಿಯಾಗಿ ಓದುವುದು, ಅವರು ಕೆಮ್ಮಿದಲ್ಲಿ ನಿಲ್ಲುವುದು, ಕನ್ನಡಕ ಒರೆಸಿಕೊಂಡಲ್ಲಿ ನಿಲ್ಲುವುದು. ನಿಂತ ಕಡೆಯಿಂದ ಮುಂದಿನ ಸಾಲು ಒಮ್ಮೊಮ್ಮೆ ತಾನಾಗಿ ಬರುತ್ತಿತ್ತು. ಬಾರದಿದ್ದರೆ ಚುಕ್ಕಿ. ಹದಿನೈದು ದಿನಕ್ಕೆ ಆರು ಪುಟವಾಯಿತು. ಹಾಳೆ ನೋಡಿದರೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯಂತೆ ತುಂಬ ಚುಕ್ಕಿ.

ಆ ಅಜ್ಜಿಯ ಸೊಸೆ ಇನ್ನೂ ಇದ್ದಾಳೆ, ಡಫಳಾಪುರದ ಹೊರಗಿನ ವಸ್ತಿಯಲ್ಲಿದ್ದಾಳೆ ಎಂದು ಅವರು ಒಮ್ಮೆ ಹೇಳಿದ್ದು ನೆನಪಾಯಿತು. ತವರಿಗೆ ಬಿಟ್ಟರೆ ಬೇರೆಲ್ಲಿಗೂ ಒಬ್ಬಳೇ ಬಸ್ಸು ಹತ್ತಿದವಳಲ್ಲ ನಾನು. ಹತ್ತಿದೆ. ಎಂಬತ್ತು ದಾಟಿದ ಹೆಂಗಸು, ಬೇವಿನ ನೆರಳಿಗೆ ಕುಳಿತು ಉಣ್ಣೆ ಬಿಡಿಸುತ್ತಿದ್ದಳು. ಇಂಥವರ ಮನೆಯಾಕೆ ಎಂದು ನನ್ನ ಗುರುತು ಹೇಳಿದೆ.

“ಮುಚ್ಚಂಡಿ ಮಾಸ್ತರ? ಆ ಬಾಯಬಡಕ ಹುಡುಗ ಏನು?” ಎಂದವಳು ಕೈಯಿಂದ ಬಾಯಿ ಮುಚ್ಚಿಕೊಂಡಳು. “ತಪ್ಪಾತ ಯವ್ವಾ, ಹ್ವಾದವರಿಗೆ ಹಂಗ ಅನಬಾರದು. ಆದ್ರ ಖರೇನ ಬಾಯಬಡಕ. ನಮ್ಮ ಕುರಿಗಿಂತ ಜಾಸ್ತಿ ಒದರತಿದ್ದ.”

ಅವರು ಹೋದ ಮೇಲೆ ನಾನು ನಕ್ಕದ್ದು ಅಂದೇ ಮೊದಲು.

“ನಿಮ್ಮತ್ತಿ ಅವರಿಗೆ ರೊಟ್ಟಿಗೆ ಬೆಣ್ಣಿ ಹಚ್ಚಿ ಕೊಡತಿದ್ರಂತ” ಎಂದೆ.

“ಬೆಣ್ಣೀ? ನಮ್ಮತ್ತಿ ಕೈಯಾಗ? ಒಂದ ಎಮ್ಮಿ ಇತ್ತು, ಅದರ ಬೆಣ್ಣಿ ಜತ್ತದ ಸಂತಿಗೆ ಹೋಕ್ಕಿತ್ತು. ನನ್ನ ಬಾಯಿಗೂ ಹತ್ತಲಿಲ್ಲ. ಆ ಹುಡುಗಗ ಖಾರ ಹಚ್ಚಿ ಕೊಡತಿದ್ಲು. ಯಾಕ ಕೇಳು. ಖಾರ ಹತ್ತಿದ್ರ ನೀರು ಕುಡಕೋತ ಸ್ವಲ್ಪ ಹೊತ್ತರ ಸುಮ್ನ ಕುಂದ್ರತೈತಿ ಕೂಸು ಅಂತ!”

“ಕುರಿ ಎಣಿಸತಿರಲಿಲ್ಲಂತಲ್ರಿ ನಿಮ್ಮತ್ತಿ?”

“ಯಾಕ ಎಣಿಸೂದು? ಮಾರಿ ನೋಡಿದ್ರ ಗೊತ್ತಾಕ್ಕೈತಿ ಯಾವದು ಇಲ್ಲಂತ. ನಿನ್ನ ಮಕ್ಕಳನ್ನ ನೀ ಎಣಿಸಿ ಒಳಗ ಕರಕೋತಿದ್ದೇನು?”

ಆ ಕೊನೆಯ ಮಾತು ನಿಮ್ಮ ಅಜ್ಜನ ಅಧ್ಯಾಯದಲ್ಲಿಯೂ ಇತ್ತು. ಅಜ್ಜಿಯಿಂದ ಕಲಿತದ್ದು ಅದನ್ನೇ, ಶಬ್ದಗಳನ್ನೂ ನಾನು ಮುಖ ನೋಡಿ ಗುರುತಿಸುತ್ತೇನೆ ಎಂದು ಬರೆದಿದ್ದರು. ಖಾರದ ರೊಟ್ಟಿ ಮಾತ್ರ ಇರಲಿಲ್ಲ.

ಮನೆಗೆ ಬಂದು ಬರೆದೆ. ಈ ಸಲ ಕೈ ನಿಲ್ಲಲಿಲ್ಲ. ಖಾರದ ರೊಟ್ಟಿ ಬಂತು, ಬಾಯಬಡಕ ಹುಡುಗ ಬಂದ, ಸಂತೆಗೆ ಹೋದ ಬೆಣ್ಣೆ ಬಂತು. ಚುಕ್ಕಿಗಳೆಲ್ಲ ಒಂದೊಂದಾಗಿ ತುಂಬಿದವು. ಎಲ್ಲಿ ಅವರ ಸಾಲು ಮುಗಿದು ನನ್ನದು ಶುರುವಾಯಿತು ಎಂದು ಬರೆಯುವಾಗ ಗೊತ್ತಾಗುತ್ತಿತ್ತು. ಶುದ್ಧಪ್ರತಿ ಮಾಡುವ ಹೊತ್ತಿಗೆ ಗೊತ್ತಾಗದಂತೆ ಆಯಿತು. ಕೆಳಗೆ ‘ಹೇಳಿದವರು: ಕುರುಬರ ಅಜ್ಜಿ, ಮುಚ್ಚಂಡಿಯ ಹೊಲ’ ಎಂದು ಅವರಂತೆಯೇ ಬರೆದು ಮುಗಿಸಿದೆ.

ವಿದ್ಯಾರ್ಥಿ ಮಾಸ್ತರರು ಬಂದರು. ಪಡಸಾಲೆಯಲ್ಲಿ ಕುಳಿತು ಓದಿದರು. ಓದುತ್ತ ನಕ್ಕರು, ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು.

“ಅಮ್ಮಾರ, ಸರ್ ಇಷ್ಟು ಚಲೋ ಎಂದೂ ಬರದಿರಲಿಲ್ರಿ! ಅವರ ಬರವಣಿಗಿ ಭಾಳ ಗಂಭೀರ. ಈ ಖಾರದ ರೊಟ್ಟಿ ನೋಡ್ರಿ, ಹುಡುಗನ ಬಾಯಿ ಮುಚ್ಚಸಾಕ ಕೊಟ್ಟದ್ದು! ಇಡೀ ಪುಸ್ತಕದ ಜೀವ ಇಲ್ಲೇ ಅದ.”

ನಾನು ಬಾಗಿಲಿಗೆ ಆತು ನಿಂತಿದ್ದೆ. ನಿಮ್ಮ ಮುಂದೆ ಮುಚ್ಚಿಡುವುದಿಲ್ಲ, ನನಗೆ ಸಂತೋಷವಾಯಿತು. ಏಳನೆಯ ಇಯತ್ತೆಯ ಮೇಲೆ ನಾನು ಬರೆದದ್ದನ್ನು ಯಾರೂ ಹೊಗಳಿರಲಿಲ್ಲ. ಎರಡು ದಿನ ಒಳಗೊಳಗೇ ಹಿಗ್ಗಿದೆ.

ತಿದ್ದಲು ಕರಡು ಪ್ರತಿ ಬಂತು. ಟೈಪಾದ ಪುಟದಲ್ಲಿ ತಪ್ಪು ತಿದ್ದುವ ಗುರುತುಗಳನ್ನು ನಿಮ್ಮ ಅಜ್ಜ ನನಗೆ ಎಂದೋ ಕಲಿಸಿದ್ದರು. ಕೆಂಪು ಪೆನ್ನು ಹಿಡಿದು ಹತ್ತು ಅಧ್ಯಾಯ ನೋಡಿದೆ. ಪ್ರತಿಯೊಂದರ ಕೊನೆಗೂ ‘ಹೇಳಿದವರು’ ಬಂದಾಗ ಹಸ್ತಪ್ರತಿಗೆ ತಾಳೆ ನೋಡಿದೆ. ಯಾವ ಹೆಸರೂ ಬಿಟ್ಟಿರಲಿಲ್ಲ. ಹನ್ನೊಂದನೆಯದಕ್ಕೆ ತಾಳೆ ನೋಡಲು ನನ್ನ ಕೈಬರಹ ಬಿಟ್ಟು ಬೇರೆ ಇರಲಿಲ್ಲ. ಕೊನೆಯ ಸಾಲಿಗೆ ಬಂದು ನಿಂತೆ. ಖಾರದ ರೊಟ್ಟಿಯ ಸಂಗತಿ ಹೇಳಿದ್ದು ಅಜ್ಜಿಯಲ್ಲ, ಸೊಸೆ. ಕೇಳಿದ್ದು ಅವರಲ್ಲ, ನಾನು. ಒಂದು ಶಬ್ದ ಕೊಟ್ಟೆನೆಂದು ನನ್ನ ಹೆಸರಿಗೆ ಜಾಗ ಕೊಟ್ಟವರ ಪುಸ್ತಕದಲ್ಲಿ, ಡಫಳಾಪುರದ ಆ ಮುದುಕಿಯ ಹೆಸರನ್ನು ನಾನು ನುಂಗಿದ್ದೆ. ಅವರು ಬರೆದ ಬೆಣ್ಣೆಯನ್ನು ಅಳಿಸಿದ್ದೆ. ಅದಕ್ಕೆ ಅವರದೇ ರುಜು ಹಾಕಿಸುತ್ತಿದ್ದೆ.

ಆ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಕುಳಿತು ಆ ಅಧ್ಯಾಯದ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಪುಟಪುಟಕ್ಕೂ ಕೆಂಪು ಗೆರೆ ಎಳೆದು ತೆಗೆದುಹಾಕುವ ಗುರುತು ಬರೆದೆ. ಅಂಚಿನಲ್ಲಿ ಬರೆದೆ: ‘ಇದು ಅವರು ಬರೆದದ್ದಲ್ಲ. ನಾನು ಬರೆದದ್ದು. ಅವರು ಬರೆದದ್ದು ಅವರ ತೊಡೆಯ ಮೇಲಿದೆ.’ ಮನಸ್ಸು ಬದಲಾಗುವ ಮೊದಲು ಅಂಚೆಗೆ ಹಾಕಿ ಬಂದೆ.

ಮೂರನೆಯ ದಿನ ವಿದ್ಯಾರ್ಥಿ ಮಾಸ್ತರರು ಬಂದರು. ನಿಮ್ಮ ತಾಯಿಯೂ ಮಿರಜಿನಿಂದ ಬಂದಿದ್ದಳು. ಮೇಜು ತಿರುಗಿದ್ದರಿಂದ ಹಿಡಿದು ಎಲ್ಲವನ್ನೂ ನೆಲ ನೋಡುತ್ತ ಹೇಳಿದೆ. ವಿದ್ಯಾರ್ಥಿ ಮಾಸ್ತರರು ಮೆಲ್ಲಗೆ ಕೇಳಿದರು:

“ವಹಿ… ಪ್ಲಾಸ್ಟಿಕ್ ಚೀಲದಾಗ ಏನರ ಇತ್ತೇನ್ರಿ?”

“ಇಲ್ರಿ. ಖಾಕಿ ಹಾಳಿ ಅಷ್ಟ. ಮ್ಯಾಲ ಉಪ್ಪು ಹಾಕ್ಯಾರ.” ಅವರ ಮನಸ್ಸಿನಲ್ಲಿ ಬಂದದ್ದು ನನಗೆ ತಿಳಿಯಿತು. “ಇದ್ರೂ ನಾ ಮುಟ್ಟಗೊಡತಿರಲಿಲ್ಲ. ಅವರು ಕುಂತಾರ, ಕುಂದ್ರಲಿ.”

“ತಪ್ಪಾತ್ರಿ ಅಮ್ಮಾರ, ಹಂಗ ಕೇಳಬಾರದಿತ್ತು” ಎಂದು ತಲೆ ತಗ್ಗಿಸಿದರು.

ನಿಮ್ಮ ತಾಯಿ ಅಳುತ್ತಿದ್ದಳು. “ನಾನ ಒಯ್ದು ಕೊಟ್ಟೆನಲ್ಲ ಅವ್ವಾ. ಇಷ್ಟು ದಿನ ಒಬ್ಬಾಕೀನ ನುಂಗಿಕೊಂಡು ಕುಂತೀಯಲ್ಲ, ನನಗರ ಒಂದ ಮಾತು ಹೇಳಬಾರದೇನು?”

ಅವಳ ಅಳು ನಿಂತ ಮೇಲೆ ವಿದ್ಯಾರ್ಥಿ ಮಾಸ್ತರರು ಮತ್ತೆ ಮಾತು ತೆಗೆದರು. “ಅಮ್ಮಾರ, ಅರ್ಧ ಅಧ್ಯಾಯ ಸರ್‌ದ ಅದ ಅಂತೀರಿ. ಹಂಗ ಬಿಡ್ರಿ. ಸರ್ ಜೋಡಿ ಮೂವತ್ತು ವರ್ಷ ಇದ್ದ ನನಗ ಗೊತ್ತಾಗಲಿಲ್ಲ. ಬ್ಯಾರೆಯವರಿಗೆ ಯಾರಿಗೆ ಗೊತ್ತಾಗತದ್ರಿ?”

“ನಿಮಗ ಗೊತ್ತಾಗಲಿಲ್ಲಂತನ ನನಗ ಅಂಜಿಕಿ ಬಂದದ್ದರಿ. ಅವರ ದನಿ ಯಾವುದು, ನಂದು ಯಾವುದು ನಿಮಗ ತಿಳೀಲಿಲ್ಲಂದ್ರ, ಮುಂದಿನವರಿಗೆ ಅವರು ಎಲ್ಲಿ ಸಿಗತಾರ?”

ಅಷ್ಟು ಉದ್ದದ ಮಾತನ್ನು ನಾನು ಪರಗಂಡಸಿನ ಎದುರು ಎಂದೂ ಆಡಿರಲಿಲ್ಲ. ಹಾಗಾದರೆ ನಿಮ್ಮ ಹೆಸರಿನಲ್ಲೇ ಹಾಕೋಣ, ವಹಿ ಹೇಗೆ ಹೋಯಿತೆಂದು ಟಿಪ್ಪಣಿ ಬರೆಯೋಣ ಎಂದು ಅವರು ಹೇಳಿದರು. ಅದಕ್ಕೂ ಒಪ್ಪಲಿಲ್ಲ. ಭಾವನವರು ಇನ್ನೂ ಇದ್ದರು. ತಮ್ಮನ ಮೇಲಿನ ಪ್ರೀತಿಗೆ ಕೇಳಿದ ಒಂದು ವಹಿ ತಮ್ಮನ ಪುಸ್ತಕವನ್ನೇ ತಿಂದಿತು ಎಂದು ಅವರು ಅಚ್ಚಿನಲ್ಲಿ ಓದುವುದು ನನಗೆ ಬೇಕಿರಲಿಲ್ಲ.

ಪುಸ್ತಕ ಹತ್ತು ಅಧ್ಯಾಯದ್ದಾಯಿತು. ಮುನ್ನುಡಿಯ ‘ಹನ್ನೊಂದು’ ಎಂಬುದನ್ನು ‘ಹತ್ತು’ ಮಾಡಲೇ ಎಂದು ಅವರು ಫೋನಿನಲ್ಲಿ ಕೇಳಿದರು. ಬೇಡ, ಅದು ನಿಮ್ಮ ಅಜ್ಜನ ವಾಕ್ಯ ಎಂದೆ. ಬಿಡುಗಡೆಯ ದಿನ ನಾನು ಹೆಣ್ಣುಮಕ್ಕಳ ಸಾಲಿನಲ್ಲಿ ಹಿಂದೆ ಕುಳಿತಿದ್ದೆ. ಮಾತನಾಡಿದವರೊಬ್ಬರು, ಪುಸ್ತಕ ನಡುದಾರಿಯಲ್ಲಿ ನಿಂತ ಹಾಗೆ ಅನಿಸುತ್ತದೆ, ಕೊನೆಗಾಲದಲ್ಲಿ ಲೇಖಕರಿಗೆ ಶಕ್ತಿ ಸಾಲಲಿಲ್ಲವೇನೋ ಎಂದರು. ಎದ್ದು ನಿಂತು, ಅವರು ಪೂರಾ ಮುಗಿಸಿದ್ದರು, ತಡ ಮಾಡಿದವಳು ನಾನು ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಆ ಮಾತು ಈಗಲೂ ಎದೆಯಲ್ಲಿ ಕುಟುಕುತ್ತದೆ.

ಈ ಬೇಸಿಗೆಯಲ್ಲಿ ಭಾವನವರೂ ಹೋದರು. ಇನ್ನು ಬರೆದರೆ ಯಾರಿಗೂ ನೋವಿಲ್ಲ.

ಒಂದು ಸಂಗತಿ ಮಾತ್ರ ನನಗೆ ಇಂದಿಗೂ ಬಗೆಹರಿದಿಲ್ಲ. ಯಾರೂ ಇಲ್ಲದ ಹೊತ್ತಿನಲ್ಲಿ, ಸೊಸೆಗೂ ಗೊತ್ತಾಗದಂತೆ, ಒಂದು ದಿನವಾದರೂ ಆ ಅಜ್ಜಿ ಅವರ ರೊಟ್ಟಿಗೆ ಬೆಣ್ಣೆ ಹಚ್ಚಿರಬಹುದು. ಹುಡುಗ ಆ ಒಂದು ದಿನವನ್ನೇ ತನ್ನ ಎಪ್ಪತ್ತರ ವಯಸ್ಸಿನವರೆಗೆ ಇಟ್ಟುಕೊಂಡಿರಬಹುದು. ಕೇಳಲು ಈಗ ಇಬ್ಬರೂ ಇಲ್ಲ.

ಈ ಬರಹದ ಹಿಂದೆ ಹನ್ನೊಂದು ಹಾಳೆ ಹೊಲಿದಿಟ್ಟಿದ್ದೇನೆ. ಅದೇ ಅಧ್ಯಾಯ, ಮತ್ತೆ ಹೊಸದಾಗಿ ಬರೆದದ್ದು. ಅವರ ಬಾಯಿಂದಲೇ ಕೇಳಿದ್ದು ಎಂದು ಆಣೆ ಮಾಡಿ ಹೇಳಬಲ್ಲ ಸಾಲುಗಳನ್ನು ಮಸಿಯಲ್ಲಿ ಬರೆದಿದ್ದೇನೆ. ಬೆಣ್ಣೆ ಮಸಿಯಲ್ಲಿದೆ. ನಾನು ತುಂಬಿದ್ದು, ಡಫಳಾಪುರದಲ್ಲಿ ಕೇಳಿದ್ದು ಪೆನ್ಸಿಲಿನಲ್ಲಿದೆ, ಕೆಳಗೆ ಆ ಸೊಸೆಯ ಹೆಸರೂ ಊರೂ ಇದೆ. ಏನೂ ನೆನಪಾಗದ ಕಡೆ ಚುಕ್ಕಿ ಇಟ್ಟಿದ್ದೇನೆ. ಚುಕ್ಕಿಗಳೇ ಹೆಚ್ಚು.

ಶ್ರಾವಣಿ, ಓಂಕಾರ, ಈ ಹಾಳೆಗಳನ್ನು ಗೆದ್ದಲು ಹತ್ತದ ಕಡೆ ಜೋಪಾನವಾಗಿ ಇಡಿರಿ. ಓದಲು ಕೇಳಿದವರಿಗೆ ಕೊಡಿರಿ. ಎಲ್ಲವನ್ನೂ ಒಂದೇ ಮಸಿಯಲ್ಲಿ ಚಂದವಾಗಿ ಬರೆದುಕೊಡುತ್ತೇನೆ ಎಂದು ಯಾರಾದರೂ ಕೇಳಿದರೆ ಮಾತ್ರ ಕೊಡಬೇಡಿರಿ.